‘ಒರಿಜಿನಲ್’ ಎಂಬ ಮಡಿ

ಹೋದ ತಿಂಗಳು ಮೆಲ್ಬರ್ನ್‌ನಲ್ಲಿರುವ ನಮ್ಮ ಮನೆಗೆ ಪರಿಚಿತರೊಬ್ಬರು ಬಂದಿದ್ದರು. ಕನ್ನಡದವರೇ. ಸಾಫ್ಟ್‌ವೇರ್ ಕೆಲಸ, ಒಳ್ಳೆಯ ಸಂಬಳ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹಳೆಯ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದರು. ನನ್ನ ಹತ್ತಿರ 1990ರ ಮಜ್ದಾ ಎಂಎಕ್ಸ್-5 ಇದೆಯೆಂದು ತಿಳಿದು ನೋಡಲು ಬಂದಿದ್ದರು. ಕಾರಿಗೆ ಎರಡು ಸುತ್ತು ಹಾಕಿ, ಬಾನೆಟ್ ತೆಗೆಸಿ, ಒಳಗೆ ಇಣುಕಿ ಕೇಳಿದ ಮೊದಲ ಪ್ರಶ್ನೆ: “ಎಲ್ಲಾ ಒರಿಜಿನಲ್ ತಾನೇ ಸರ್?”

ಅಲ್ಲ ಎಂದೆ. ರೇಡಿಯೇಟರ್ ಬದಲಾಗಿದೆ. ಬ್ರೇಕುಗಳು ಇದೇ ಮಾದರಿಯ ಮುಂದಿನ 1.8 ಲೀಟರ್ ಕಾರಿನವು. ಶಾಕ್ ಅಬ್ಸಾರ್ಬರ್ ಬೇರೆ ಕಂಪನಿಯವು. ಮಡಚುವ ಟಾಪ್ ಹೊಸದು. ಸೀಟಿನ ಹಿಂದೆ ರೋಲ್ ಬಾರ್ ಕೂರಿಸಿದ್ದೇನೆ. ಪಟ್ಟಿ ಮುಗಿಯುವ ಮೊದಲೇ ಅವರ ಮುಖ ಸಪ್ಪಗಾಯಿತು. “ಅಯ್ಯೋ, ಮುಟ್ಟಿಬಿಟ್ಟಿದ್ದೀರಲ್ಲ ಸರ್! ಹಾಗೇ ಇಟ್ಟಿದ್ದರೆ ಈಗ ಎಷ್ಟು ಬೆಲೆ ಬರ್ತಿತ್ತು ಗೊತ್ತಾ?”

ಅವರು ಯೋಚಿಸಿ ಆಡಿದ ಮಾತಲ್ಲ ಅದು. ಆದರೂ ಆ ದನಿ ನನಗೆ ಗುರುತಿನದು. ಒಣಹಾಕಿದ ಮಡಿಬಟ್ಟೆಗೆ ಆಡುತ್ತ ಆಡುತ್ತ ಕೈ ತಾಗಿಸಿದ ಹುಡುಗನನ್ನು ಮನೆಯ ಹಿರಿಯರು ಗದರುವ ದನಿ. ಅವರು ಹೋದ ಮೇಲೆ ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳನ್ನು ಮತ್ತೆ ಓದಿದೆ. ಒಬ್ಬರೇ ಮಾಲೀಕರು. ಕಾರ್ಖಾನೆಯಲ್ಲಿ ಬಳಿದ ಬಣ್ಣವೇ ಇದೆ. ಎಂಜಿನ್ ನಂಬರು ದಾಖಲೆಗೆ ತಾಳೆಯಾಗುತ್ತದೆ. ಮಳೆ ಕಂಡಿಲ್ಲ. ಯಾರೂ ಕೈ ಹಾಕಿಲ್ಲ. ಯಂತ್ರವೊಂದರ ಬಗ್ಗೆ ಬರೆದ ಮಾತುಗಳೇ ಇವು? ಕುಲಗೋತ್ರ ವಿಚಾರಿಸಿ ಹಾಕಿದ ವಧೂವರರ ಜಾಹೀರಾತಿನ ಹಾಗೆ ಕಾಣುತ್ತವೆ.

ನನ್ನ ತಕರಾರು ಇದು. ಹಳೆಯ ಕಾರನ್ನು ಬದುಕಿಸಿಟ್ಟಿರುವುದು ಅದನ್ನು ಬಿಚ್ಚಿ, ಸರಿಮಾಡಿ, ಅಗತ್ಯವಿದ್ದಲ್ಲಿ ಬದಲಿಸಿ, ಮತ್ತೆ ರಸ್ತೆಗೆ ಇಳಿಸುವ ಕೈಗಳು. ‘ಒರಿಜಿನಲ್’ ಎಂಬ ಪೂಜೆ ಆ ಕೈಗಳನ್ನೇ ಮೈಲಿಗೆ ಎನ್ನುತ್ತದೆ. ಹಾಗೆನ್ನುತ್ತಲೇ, ಸಾಧಾರಣ ಸಂಬಳದವರ ಕೈಗೆ ಎಟುಕುತ್ತಿದ್ದ ಕಾರನ್ನು ಹಣವಂತರ ಬೀರುವಿನೊಳಕ್ಕೆ ಸಾಗಿಸುತ್ತದೆ.

ಈ ಕಾರು ಹುಟ್ಟಿದ ಬಗೆಯನ್ನೇ ನೋಡಿ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಮಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ ಒಂದು ಆಸೆ ಇಟ್ಟರು: ಬ್ರಿಟನ್ನಿನ ಹಳೆಯ ಎರಡು ಸೀಟಿನ ತೆರೆದ ಕಾರುಗಳಂಥದ್ದನ್ನು, ಹಗುರ, ಸರಳ, ಕೈಗೆಟುಕುವ ಬೆಲೆಯದನ್ನು ನೀವು ಮಾಡಬೇಕು. ಹತ್ತು ವರ್ಷ ಬೇಕಾಯಿತು. 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾರು ಹೊರಬಂತು. 1.6 ಲೀಟರ್ ಎಂಜಿನ್, ಸುಮಾರು 115 ಅಶ್ವಶಕ್ತಿ, ಒಂದು ಟನ್ನಿಗೂ ಕಡಿಮೆ ತೂಕ, ಎಂಜಿನ್ ಮುಂದೆ, ಓಡಿಸುವ ಚಕ್ರಗಳು ಹಿಂದೆ. ಯೋಜನೆಯ ಮುಖ್ಯಸ್ಥ ತೊಶಿಹಿಕೊ ಹಿರಾಯಿ ತಮ್ಮ ತಂಡಕ್ಕೆ ಕೊಟ್ಟ ಮಂತ್ರ ‘ಜಿನ್ಬಾ ಇತ್ತಾಯಿ’. ಕುದುರೆ, ಸವಾರ ಒಂದೇ ಜೀವ ಎಂಬ ಅರ್ಥ. 2000ದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ದಾಖಲೆ ಸೇರಿತು. 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು.

ಹತ್ತು ಲಕ್ಷ ಜನರಿಗೆಂದು ಮಾಡಿದ ವಸ್ತು ಗರ್ಭಗುಡಿಯ ವಿಗ್ರಹವಾಗುವುದು ಹೇಗೆ? ಕುದುರೆ, ಸವಾರ ಒಂದೇ ಎಂದು ಹೇಳಿ ಮಾಡಿಸಿದ್ದನ್ನು ಲಾಯದಲ್ಲೇ ಕಟ್ಟಿಹಾಕಿದರೆ ಕಾಪಾಡಿದಂತಾಯಿತೆ?

ಕಟ್ಟಿಹಾಕಿದರೆ ಉಳಿಯುತ್ತದೆ ಎಂಬ ನಂಬಿಕೆಯೇ ಸುಳ್ಳು. ಓಡದ ಕಾರು ನಿಂತಲ್ಲೇ ಸಾಯುತ್ತದೆ. ಟ್ಯಾಂಕಿನ ಪೆಟ್ರೋಲು ಹಳಸುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಒಂದೇ ಕಡೆ ಭಾರ ಹೊತ್ತ ಟೈರು ಅಲ್ಲೇ ಚಪ್ಪಟೆಯಾಗುತ್ತದೆ. ನನ್ನ ಕಾರಿನ ಜಾತಿಗೆ ಇನ್ನೂ ಒಂದು ಕಾಯಿಲೆ ಇದೆ. ಮಳೆ ಬಂದಾಗ ಮಡಚುವ ಟಾಪಿನ ಅಂಚಿನಿಂದ ಇಳಿಯುವ ನೀರು ಸೀಟಿನ ಹಿಂದೆ ಎರಡು ಕಿಂಡಿಗಳ ಮೂಲಕ ಕೆಳಗೆ ಹರಿದು ಹೋಗಬೇಕು. ಎಲೆ, ಮಣ್ಣು ಸೇರಿ ಕಿಂಡಿ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳು ಉಕ್ಕಿನೊಳಗೆ ನಿಂತು, ಹೊರಗಿನ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊಳೆಯುವ ಕಾರ್ಖಾನೆ ಬಣ್ಣದ ‘ಮುಟ್ಟದ’ ಕಾರಿನ ಹಿಂಚಕ್ರದ ಮುಂದೆ ಬೆರಳಿನಿಂದ ಒತ್ತಿ ನೋಡಿ. ಒಮ್ಮೊಮ್ಮೆ ಬೆರಳೇ ಒಳಗೆ ಹೋಗುತ್ತದೆ. ಇದಕ್ಕೆ ಮದ್ದು ಪೂಜೆಯಲ್ಲ. ವರ್ಷಕ್ಕೆರಡು ಸಲ ಕಿಂಡಿಗೆ ಮೆತ್ತನೆಯ ಕೊಳವೆ ತೂರಿಸಿ ಕಸ ತೆಗೆಯುವುದು. ಅಂದರೆ ಮುಟ್ಟುವುದು.

ಇನ್ನು ‘ಒರಿಜಿನಲ್’ ಎಂದರೆ ಯಾವುದು ಎಂಬ ಪ್ರಶ್ನೆ. ನನ್ನ ಕಾರಿಗೆ ಟೈಮಿಂಗ್ ಬೆಲ್ಟ್ ಬದಲಿಸಲು ಕೂತ ದಿನ ನನಗೆ ಇದರ ಉತ್ತರ ಸಿಕ್ಕಿತು. ಬೆಲ್ಟನ್ನು ಓಡಿಸುವ ಹಲ್ಲಿನ ಚಕ್ರ ಕ್ರ್ಯಾಂಕ್‌ಶಾಫ್ಟಿನ ಮೂತಿಯ ಮೇಲೆ ಕೂರುತ್ತದೆ. ಅದು ಸುತ್ತ ಜಾರದಂತೆ ಹಿಡಿಯಲು ಒಂದು ಸಣ್ಣ ಉಕ್ಕಿನ ಕೀ, ಮುಂದಿನಿಂದ ಬಿಗಿಯಲು ಒಂದು ಬೋಲ್ಟು. ಮೊದಲ ಎರಡು ವರ್ಷದ ಕಾರುಗಳಲ್ಲಿ ಈ ಮೂತಿ ಗಿಡ್ಡ. ಬೋಲ್ಟು ಸರಿಯಾದ ಬಿಗಿಯಲ್ಲಿ ಕೂರದಿದ್ದರೆ ಚಕ್ರ ಕೂದಲೆಳೆಯಷ್ಟು ಅಲುಗುತ್ತದೆ. ಅಲುಗಿ ಅಲುಗಿ ಕೀ ಕೂತ ಗಾಡಿಯನ್ನು ಸವೆಸುತ್ತದೆ. ವಾಲ್ವುಗಳು ತೆರೆಯುವ ಹೊತ್ತು ತಪ್ಪಿ ಎಂಜಿನ್ ಸೊರಗುತ್ತದೆ. ಇದು ಗೊತ್ತಾಗಿ ಕಂಪನಿಯೇ 1991ರಲ್ಲಿ ಮೂತಿಯನ್ನು ಉದ್ದ ಮಾಡಿತು. ಎರಡನ್ನೂ ಬಿಚ್ಚದೆಯೇ ಗುರುತಿಸಬಹುದು: ಕ್ರ್ಯಾಂಕ್ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದದ್ದು.

ನನ್ನದರಲ್ಲಿ ನಾಲ್ಕು. ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಗ್ಯಾರೇಜಿನವರು ಬೆಲ್ಟ್ ಬದಲಿಸಿ ಬೋಲ್ಟನ್ನು ಅಂದಾಜಿನಲ್ಲಿ ಬಿಗಿದಿದ್ದರೆಂದು ಕಾಣುತ್ತದೆ. ಸ್ಪ್ಯಾನರ್ ಇಟ್ಟ ಕೂಡಲೇ ಸಡಿಲವಾಗಿ ತಿರುಗಿತು. ಕೀ ಅಲುಗುತ್ತಿತ್ತು. ಸವೆತ ಇನ್ನೂ ಶುರುವಿನಲ್ಲಿತ್ತು, ಅದೃಷ್ಟ. ಮೂತಿಯನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಹೊಸ ಚಕ್ರ, ಹೊಸ ಕೀ ಹಾಕಿ, ಲೋಹದ ಸಂದಿನಲ್ಲಿ ಗಟ್ಟಿಯಾಗುವ ಅಂಟನ್ನು ತುಂಬಿ, ಟಾರ್ಕ್ ವ್ರೆಂಚಿನಲ್ಲಿ ಅಳೆದು ಬಿಗಿದೆ. ಮೂರು ವಾರಾಂತ್ಯ ಹಿಡಿಯಿತು. ಬೆಲ್ಟ್ ಹಾಕಿ, ಕೈಯಿಂದ ಎಂಜಿನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಒಂದಕ್ಕೊಂದು ಎದುರಾದಾಗ ಆದ ಸಮಾಧಾನ ಯಾವ ಹರಾಜಿನಲ್ಲೂ ಸಿಗುವಂಥದ್ದಲ್ಲ.

ಈಗ ಹೇಳಿ, ಕಂಪನಿಯೇ ಒಪ್ಪಿ ತಿದ್ದಿಕೊಂಡ ತಪ್ಪನ್ನು ನಾನು ‘ಒರಿಜಿನಲ್’ ಎಂದು ಕಾಪಾಡಬೇಕೆ? ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಹಸ್ತಪ್ರತಿಗಳ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಹಳೆಯದು ಎಂಬ ಒಂದೇ ಕಾರಣಕ್ಕೆ ಪಾಠ ಶುದ್ಧವಾಗುವುದಿಲ್ಲ. ಮೊದಲ ಮುದ್ರಣದ ಅಚ್ಚಿನ ತಪ್ಪುಗಳನ್ನು ಲೇಖಕ ಎರಡನೆಯ ಮುದ್ರಣದಲ್ಲಿ ತಿದ್ದುತ್ತಾನೆ. ಮೊದಲ ಮುದ್ರಣದ ಪ್ರತಿಗೆ ಸಂಗ್ರಹಕಾರ ಹೆಚ್ಚು ಬೆಲೆ ಕೊಡಬಹುದು. ಓದುವವನು ತಿದ್ದಿದ್ದನ್ನೇ ಓದುತ್ತಾನೆ. ಮಜ್ದಾ ಕೂಡ 1993ರಲ್ಲಿ 1.8 ಲೀಟರ್ ಎಂಜಿನ್ ಕೂರಿಸಿದಾಗ ಬ್ರೇಕನ್ನು ದೊಡ್ಡದು ಮಾಡಿತು, ಕಾರಿನ ಅಡಿಗೆ ಹೆಚ್ಚುವರಿ ಆಧಾರಪಟ್ಟಿಗಳನ್ನು ಕೊಟ್ಟಿತು. ನನ್ನ ಕಾರಿನಲ್ಲಿರುವ ‘ಅಪವಿತ್ರ’ ಬ್ರೇಕುಗಳು ಅದೇ ಲೇಖಕನ ಎರಡನೆಯ ಮುದ್ರಣದಿಂದ ಬಂದವು.

ಇನ್ನೂ ದೊಡ್ಡ ಉದಾಹರಣೆ ಬೇಕಿದ್ದರೆ 1989ರ ನಿಸಾನ್ ಸ್ಕೈಲೈನ್ ಜಿಟಿ-ಆರ್, ಅಂದರೆ ಆರ್32. ಅದರ 2.6 ಲೀಟರ್, ಎರಡು ಟರ್ಬೋಗಳ ಎಂಜಿನನ್ನು ಗ್ರೂಪ್ ಎ ರೇಸಿಗೆಂದೇ ರೂಪಿಸಿದ್ದು. ಆದರೆ 1980ರ ದಶಕದ ಕೊನೆಯಿಂದ 2004ರವರೆಗೆ ಜಪಾನಿನ ಕಾರು ಕಂಪನಿಗಳು ಸ್ವದೇಶದಲ್ಲಿ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ಎಂದು ಹೇಳಿಕೊಳ್ಳುವುದಿಲ್ಲವೆಂದು ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದವು. ಶೋರೂಮಿನಿಂದ ಹೊರಬಂದ ಆರ್32 ಹಗ್ಗ ಕಟ್ಟಿದ ಹೋರಿ. ರೇಸಿನ ಅಂಗಳದಲ್ಲಿ ಹಗ್ಗ ಬಿಚ್ಚಿದಾಗ ಅದು ಇದೇ ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ರೇಸನ್ನು 1991, 1992 ಎರಡು ವರ್ಷವೂ ಗೆದ್ದಿತು. ಊರೂರಿನ ಗ್ಯಾರೇಜುಗಳಲ್ಲಿ ಆ ಎಂಜಿನನ್ನು ಬಿಚ್ಚಿ ಬಲಪಡಿಸಿದವರು ಕಾರನ್ನು ಕೆಡಿಸಿದರೆ? ಕಂಪನಿ ಅರ್ಧಕ್ಕೆ ನಿಲ್ಲಿಸಿದ ವಾಕ್ಯವನ್ನು ಅವರು ಪೂರ್ತಿ ಮಾಡಿದರು.

ಕತೆಯ ಲೋಕಕ್ಕೂ ಇದು ಗೊತ್ತಿತ್ತು. ಶುಯಿಚಿ ಶಿಗೆನೊ 1995ರಿಂದ 2013ರವರೆಗೆ ಬರೆದ ‘ಇನಿಷಿಯಲ್ ಡಿ’ ಎಂಬ ಮಂಗಾ ಸರಣಿಯ ನಾಯಕ ಟೋಫು ಅಂಗಡಿಯವನ ಮಗ. ಅಪ್ಪನ ಟೊಯೋಟಾ ಎಇ86 ಕಾರಿನಲ್ಲಿ ನಸುಕಿನಲ್ಲೇ ಘಾಟಿ ದಾರಿ ಹಿಡಿದು ಟೋಫು ಮುಟ್ಟಿಸುವುದು ಅವನ ಕೆಲಸ. ಕತೆಯ ನಡುವೆ ಎಂಜಿನ್ ಸಿಡಿದುಹೋಗುತ್ತದೆ. ಅಪ್ಪ ರೇಸಿನ ಎಂಜಿನೊಂದನ್ನು ತಂದು ಕೂರಿಸುತ್ತಾನೆ, ಕತೆ ಮುಂದುವರಿಯುತ್ತದೆ. ಸಾಮಾನ್ಯ ಜನ ಓಡಿಸುತ್ತಿದ್ದ ಅಗ್ಗದ ಎಇ86 ಇಂದು ಇಷ್ಟು ಬೆಲೆ ಬಾಳುವುದಕ್ಕೆ ಈ ಕತೆಯೂ ಒಂದು ಕಾರಣ. ಕೈ ಹಾಕಿದ ಕಾರಿನ ಕತೆಯಿಂದ ಬಂದ ಬೆಲೆಯನ್ನು ಕೈ ಹಾಕದ ಕಾರಿನ ಮೇಲೆ ಅಂಟಿಸಿ ಮಾರುತ್ತಿದ್ದಾರೆ.

ಮಾರುಕಟ್ಟೆಗೆ ಈ ವಿರೋಧಾಭಾಸದ ನಾಚಿಕೆಯಿಲ್ಲ. ಟೊಯೋಟಾ 2000ಜಿಟಿ ತಯಾರಾದದ್ದು ನಾನೂರಕ್ಕೂ ಕಡಿಮೆ. 2013ರಲ್ಲಿ ಅಂಥದೊಂದು ಅಮೆರಿಕದ ಹರಾಜಿನಲ್ಲಿ ಹತ್ತು ಲಕ್ಷ ಡಾಲರು ದಾಟಿತು. ಅಪರೂಪದ ಕಾರು, ಒಪ್ಪೋಣ. ಅಲ್ಲಿ ಮಾರಾಟವಾಗದ ವಿದೇಶಿ ಕಾರನ್ನು 25 ವರ್ಷ ತುಂಬಿದ ಮೇಲೆ ತರಿಸಿಕೊಳ್ಳಲು ಅಮೆರಿಕದ ಕಾನೂನು ಬಿಡುತ್ತದೆ. ಆ ಗಡಿ 2014ರಲ್ಲಿ ಮೊದಲ ಆರ್32ಗಳಿಗೆ ಬಂದದ್ದೇ ತಡ, ಬೆಲೆ ಏರತೊಡಗಿತು. ‘ಬದಲಿಸಿದ್ದು ಬೇಡ, ಒರಿಜಿನಲ್ ಬೇಕು’ ಎಂಬ ಜಪ ಶುರುವಾಯಿತು. ಇಷ್ಟಾಗಿಯೂ 2023ರಲ್ಲಿ ಹದಿಮೂರು ಲಕ್ಷ ಡಾಲರು ಮೀರಿ ಹೋದ ನಿಸಾನ್ ಸ್ಕೈಲೈನ್ ಯಾವುದು? ಸಿನಿಮಾದಲ್ಲಿ ಪಾಲ್ ವಾಕರ್ ಓಡಿಸಿದ್ದು, ಒಳಗೂ ಹೊರಗೂ ಬೇಕಾದಷ್ಟು ಬದಲಿಸಿದ್ದು. ಹೆಸರಾಂತರ ಕೈ ತಾಗಿದರೆ ಪ್ರಸಾದ, ನಮ್ಮ ನಿಮ್ಮ ಕೈ ತಾಗಿದರೆ ಮೈಲಿಗೆ. ಈ ನ್ಯಾಯ ನಮಗೆ ಹೊಸದೇನಲ್ಲ.

ಎದುರು ವಾದಗಳಿವೆ, ಅವನ್ನು ತಳ್ಳಿಹಾಕುವುದಿಲ್ಲ. ಮೊದಲನೆಯದು ಚರಿತ್ರೆಯದು: ಎಲ್ಲರೂ ಬದಲಿಸುತ್ತ ಹೋದರೆ, ಕಾರು ಮೊದಲು ಹೇಗಿತ್ತೆಂದು ನಾಳೆಯವರಿಗೆ ತಿಳಿಯುವುದು ಹೇಗೆ? ಸರಿಯಾದ ಮಾತು. ಅದಕ್ಕೆ ಮ್ಯೂಸಿಯಂ ಇದೆ. ಹಿರೊಶಿಮಾದಲ್ಲಿ ಮಜ್ದಾ ಕಂಪನಿಯೇ ಒಂದನ್ನು ನಡೆಸುತ್ತದೆ. ಪ್ರತಿ ಮಾದರಿಯ ಕೆಲವು ಪ್ರತಿಗಳು ಅಂಥ ಕಡೆ ಇರಲಿ, ವಿದ್ವಾಂಸರು ಅಳೆದು ಬರೆದಿಡಲಿ. ಹತ್ತು ಲಕ್ಷ ಕಾರುಗಳೂ ಮ್ಯೂಸಿಯಂ ಆಗಬೇಕಿಲ್ಲ. ಅಷ್ಟಕ್ಕೂ ಬೀಗ ಹಾಕಿದ ಖಾಸಗಿ ಶೆಡ್ಡು ಮ್ಯೂಸಿಯಂ ಅಲ್ಲ. ಅಲ್ಲಿಗೆ ಯಾವ ವಿದ್ಯಾರ್ಥಿಗೂ ಪ್ರವೇಶವಿಲ್ಲ.

ಎರಡನೆಯದು ಇನ್ನೂ ಗಟ್ಟಿ: ಬದಲಿಸುತ್ತೇವೆ ಎಂದು ಹೊರಟವರು ಎಷ್ಟೋ ಕಾರುಗಳನ್ನು ಕೊಂದಿದ್ದಾರೆ. ನಿಜ, ನಮ್ಮ ಕಡೆಯವರದೇ ಪಾಪ. ಕಾರು ತಗ್ಗಿನಲ್ಲಿ ಕಾಣಲಿ ಎಂದು ಸ್ಪ್ರಿಂಗನ್ನು ಕತ್ತರಿಸಿ ಹಾಕುವವರು, ಸದ್ದಿಗಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆದು ಬೀದಿಯವರಿಗೆ ಹೊಗೆ ಕುಡಿಸುವವರು, ಬ್ರೇಕನ್ನು ನೋಡದೆ ಶಕ್ತಿಯನ್ನು ಮಾತ್ರ ಹೆಚ್ಚಿಸುವವರು ನನ್ನ ಪಕ್ಷದವರಲ್ಲ. ಓದದೆ ತಿದ್ದುವ ಸಂಪಾದಕರು ಅವರು. ನಾನಿರುವ ವಿಕ್ಟೋರಿಯಾ ರಾಜ್ಯದಲ್ಲಿ ದೊಡ್ಡ ಬದಲಾವಣೆಗೆ ಅಧಿಕೃತ ಎಂಜಿನಿಯರರಿಂದ ಪ್ರಮಾಣಪತ್ರ ಪಡೆಯಬೇಕು. ಖರ್ಚಿನ ಬಾಬತ್ತು, ಗೊಣಗುತ್ತಲೇ ಮಾಡಿಸಿದ್ದೇನೆ, ಆದರೂ ನಿಯಮ ಸರಿ ಎನ್ನುತ್ತೇನೆ. ಎದುರಿನಿಂದ ಬರುವವರ ಜೀವ ನನ್ನ ಹವ್ಯಾಸಕ್ಕಿಂತ ದೊಡ್ಡದು. ಇದೇ ರಾಜ್ಯ 25 ವರ್ಷ ದಾಟಿದ ಕಾರುಗಳಿಗೆ ಕ್ಲಬ್ಬಿನ ಮೂಲಕ ಅಗ್ಗದ ಪರವಾನಗಿ ಕೊಡುತ್ತದೆ: ವರ್ಷಕ್ಕೆ 45 ಅಥವಾ 90 ದಿನ ಓಡಿಸಬಹುದು, ಓಡಿಸಿದ ದಿನವನ್ನು ಪುಸ್ತಕದಲ್ಲಿ ಬರೆಯಬೇಕು. ಹಳೆಯ ಕಾರು ರಸ್ತೆಯ ಮೇಲೇ ಇರಲಿ, ಆದರೆ ಜವಾಬ್ದಾರಿಯಿಂದ ಇರಲಿ ಎನ್ನುವ ಕಾನೂನು ಇದು.

ಭಾರತದಲ್ಲಿ ಕಾನೂನಿನ ಒಲವು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದಿತು. 2021ರ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ, ಹೆಚ್ಚೇನೂ ಬದಲಾಗದ ವಾಹನಗಳನ್ನು ಗುರುತಿಸುತ್ತದೆ. ಅವನ್ನು ದಿನನಿತ್ಯ ಓಡಿಸಲು ಬಿಡುವುದಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಸುರಕ್ಷತೆಯ ಕಾಳಜಿ ಅರ್ಥವಾಗುತ್ತದೆ. ಆದರೆ ತಿಳಿದು ಮಾಡುವವನಿಗೂ ತಿಳಿಯದೆ ಕೆಡಿಸುವವನಿಗೂ ವ್ಯತ್ಯಾಸ ಮಾಡುವ ದಾರಿ ಇಲ್ಲದಿದ್ದರೆ ಕೈಗೆ ಕಲಿಯುವ ಅವಕಾಶವೇ ಇರುವುದಿಲ್ಲ.

ನಮ್ಮ ನೆಲದಲ್ಲಿ ಆ ಕೈಗಳಿಗೆ ಕೊರತೆಯಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿಗಳು ಆಮೇಲೂ ದಶಕಗಟ್ಟಲೆ ಓಡಿದ್ದು ಕಂಪನಿಯ ಕೃಪೆಯಿಂದಲ್ಲ. ಇಲ್ಲದ ಭಾಗವನ್ನು ಲೇತ್ ಮೆಷೀನಿನಲ್ಲಿ ತಿರುವಿಕೊಟ್ಟವರು, ಒಂದು ಗಾಡಿಯದನ್ನು ಇನ್ನೊಂದಕ್ಕೆ ಹೊಂದಿಸಿದವರು ಅವನ್ನು ಉಳಿಸಿದರು. ನನ್ನ ಸೋದರಮಾವನ ಹತ್ತಿರ ಒಂದು ಯೆಜ್ಡಿ ಇತ್ತು. ಅಂಗಳದಲ್ಲಿ ಗೋಣಿಚೀಲ ಹಾಸಿ, “ಬಿಚ್ಚಿದ್ದನ್ನ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡೋ” ಎನ್ನುತ್ತಿದ್ದರು. ಇವತ್ತಿಗೂ ನಾನು ಬೋಲ್ಟುಗಳನ್ನು ಇಡುವುದು ಹಾಗೆಯೇ. ಆದರೆ ಎಂಜಿನಿಯರಿಂಗ್ ಓದಿದ ನಾವು ಎಷ್ಟು ಜನ ಸ್ಪ್ಯಾನರ್ ಹಿಡಿದೆವು? ಮೆಕ್ಯಾನಿಕ್ಕಿನ ಮಗ ಎಂಜಿನಿಯರ್ ಆಗಬೇಕು ಎಂದು ಹಾರೈಸುವ ಸಮಾಜ ಎಂಜಿನಿಯರಿನ ಮಗ ಮೆಕ್ಯಾನಿಕ್ ಆದರೆ ಮನೆತನದ ಮರ್ಯಾದೆ ಹೋಯಿತು ಎನ್ನುತ್ತದೆ. ಉಗುರಿನ ಸಂದಿಯ ಗ್ರೀಸು ನಮಗೆ ಬರೀ ಕೊಳೆಯಲ್ಲ, ಸ್ಥಾನಮಾನದ ಗುರುತು. ಅದಕ್ಕೇ ‘ಮುಟ್ಟದ ಕಾರು’ ಎಂಬ ಮಾತು ನಮ್ಮವರ ಬಾಯಿಗೆ ಇಷ್ಟು ಸಲೀಸಾಗಿ ಬರುತ್ತದೆ. ಎಲ್ಲಿಂದಲೋ ಬಂದ ಸಂಗ್ರಹಕಾರರ ಶೋಕಿ, ನಮ್ಮೊಳಗೆ ಮೊದಲೇ ಇದ್ದ ಮಡಿಯ ಜೊತೆ ಸಲೀಸಾಗಿ ಬೆರೆತಿದೆ.

ಕಾರು ತಯಾರಿಸಿದ ಕಂಪನಿಗಳೇ ಈ ಮಡಿಯನ್ನು ಪಾಲಿಸುತ್ತಿಲ್ಲ ಎಂಬುದನ್ನು ಗಮನಿಸಿ. ಹೋಂಡಾ ತನ್ನ ಎನ್‌ಎಸ್‌ಎಕ್ಸ್ ಕಾರುಗಳನ್ನು ಬಿಚ್ಚಿ ಹೊಸದಾಗಿಸಿಕೊಡುವ ಸೇವೆಯನ್ನು 1993ರಲ್ಲೇ ಶುರುಮಾಡಿತು. 2017ರಲ್ಲಿ ನಿಸಾನ್‌ನ ನಿಸ್ಮೊ ಆರ್32ರ ಬಿಡಿಭಾಗಗಳನ್ನು ಮತ್ತೆ ಮಾರತೊಡಗಿತು. ಅದೇ ವರ್ಷ ಮಜ್ದಾ ಮೊದಲ ಪೀಳಿಗೆಯ ರೋಡ್‌ಸ್ಟರನ್ನು ಸರಿಮಾಡಿಕೊಡುವ ಯೋಜನೆ ಪ್ರಕಟಿಸಿ, ನಿಂತುಹೋಗಿದ್ದ ಟಾಪ್, ಮರದ ಸ್ಟೀರಿಂಗ್, ಹಳೆಯ ಅಳತೆಯ ಟೈರುಗಳನ್ನೂ ಮತ್ತೆ ಮಾಡಿಸಿತು. ಟೊಯೋಟಾ ಹಳೆಯ ಸುಪ್ರಾ, 2000ಜಿಟಿಗಳ ಭಾಗಗಳಿಗೆ ಕೈ ಹಾಕಿತು. ಭಾಗಗಳು ಸವೆಯುತ್ತವೆ, ಬದಲಾಗಬೇಕು ಎಂದು ಮಾಡಿದವರಿಗೇ ಗೊತ್ತು. ಆದರೆ ಅದೇ ಜಪಾನಿನ ಸರ್ಕಾರ 13 ವರ್ಷ ದಾಟಿದ ಪೆಟ್ರೋಲು ಕಾರಿಗೆ ಹೆಚ್ಚು ತೆರಿಗೆ ಹಾಕುತ್ತದೆ. ಹೊಸದು ಕೊಳ್ಳಿ ಎಂಬ ಒತ್ತಾಯದ ನಡುವೆ ಹಳೆಯದನ್ನು ಉಳಿಸಿಕೊಂಡ ಮನುಷ್ಯನಿಗೆ, ‘ನೀನು ಒರಿಜಿನಲ್ ಆಗಿ ಉಳಿಸಲಿಲ್ಲ’ ಎಂದು ಹೊರಗಿನವರು ಮೂಗು ಮುರಿಯುವುದು ಅನ್ಯಾಯ.

ಮುಂದಿನ ಅಪಾಯ ಇನ್ನೂ ದೊಡ್ಡದು. ನನ್ನ ಕಾರಿನ ಕಾಯಿಲೆ ತಿಳಿಯಲು ಬಾನೆಟ್ಟಿನ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ತೂತುಗಳ ನಡುವೆ ಒಂದು ತುಂಡು ತಂತಿ ಇಟ್ಟರೆ ಸಾಕು. ದೀಪ ಮಿನುಗಿದ ಲೆಕ್ಕ ಹಿಡಿದು ದೋಷ ಓದಬಹುದು. ಇಂದಿನ ಕಾರು ತನ್ನ ಕಾಯಿಲೆಯನ್ನು ಕಂಪನಿಯ ಕಂಪ್ಯೂಟರಿಗೆ ಮಾತ್ರ ಹೇಳಲು ಬಯಸುತ್ತದೆ. ಸ್ವತಂತ್ರ ಗ್ಯಾರೇಜುಗಳಿಗೂ ರಿಪೇರಿಯ ಮಾಹಿತಿ ಕೊಡಬೇಕೆಂದು ಕಡ್ಡಾಯ ಮಾಡಲು ಆಸ್ಟ್ರೇಲಿಯಾ ಒಂದು ಕಾನೂನನ್ನೇ ತರಬೇಕಾಯಿತು. ಅದು ಜಾರಿಗೆ ಬಂದದ್ದು 2022ರ ಜುಲೈ 1ರಂದು. ದುಡ್ಡು ಕೊಟ್ಟು ಕೊಂಡರೂ ಬಿಚ್ಚುವ ಹಕ್ಕಿಲ್ಲದ ವಸ್ತುವನ್ನು ನಮ್ಮದೆನ್ನುವುದು ಹೇಗೆ? ‘ಮುಟ್ಟಬೇಡಿ’ ಎನ್ನುವ ಸಂಗ್ರಹಕಾರ, ‘ಮುಟ್ಟಬೇಡಿ’ ಎನ್ನುವ ಕಂಪನಿ ಇಬ್ಬರೂ ನಮ್ಮ ಕೈಯಿಂದ ಕಿತ್ತುಕೊಳ್ಳುತ್ತಿರುವುದು ಒಂದೇ: ವಸ್ತುವನ್ನು ಅರಿಯುವ ಹಕ್ಕು.

ಪರಿಚಿತರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಒಂದು ಕಾರು ನೋಡಿದ್ದಾರಂತೆ, ಕಡಿಮೆ ಓಡಿದೆಯಂತೆ, ಕೊಂಡು ಹತ್ತು ವರ್ಷ ಹಾಗೇ ಇಡುವ ಆಲೋಚನೆ. ವಾದಕ್ಕೆ ಇಳಿಯಲಿಲ್ಲ. ನನ್ನ ಕಾರಿನ ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರುತ್ತಿದೆ, ಈ ಜಾತಿಗೆ ಅದು ಮಾಮೂಲು. ಹೊಸದು ಹಾಕಿದ ಮೇಲೆ ಎಣ್ಣೆಯೊಳಗಿನ ಗಾಳಿ ತೆಗೆಯಲು ಒಬ್ಬರು ಕೆಳಗೆ ಮಲಗಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಶನಿವಾರ ಬೆಳಿಗ್ಗೆ ಬನ್ನಿ, ಕೆಳಗೆ ಮಲಗುವುದು ನೀವು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನಾದರೂ ತರಬೇಕಾ ಸರ್?” ಎಂದು ಕೇಳಿದರು.

“ಏನೂ ಬೇಡ, ಹಳೆಯ ಬಟ್ಟೆ ಹಾಕ್ಕೊಂಡು ಬನ್ನಿ” ಎಂದೆ.